ಗೇರಿನ ಕೈ ಕಲಿತ ಬೊಂತೆ

ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಓಡುವ ಪ್ರೈವೇಟ್ ಬಸ್ಸು ಹತ್ತಿದವರಿಗೆ ಡ್ರೈವರ್ ಸಿದ್ದರಾಜುವಿನ ಹೆಸರು ಗೊತ್ತಿಲ್ಲದಿದ್ದರೂ ಬಾಯಿ ಗೊತ್ತಿತ್ತು. ಬಾಗಿಲಿಗೆ ಜೋತುಬಿದ್ದ ಹುಡುಗರನ್ನು ಕನ್ನಡಿಯಲ್ಲೇ ನೋಡಿ, "ಒಳೀಕ್ ಬರ್ರಲಾ, ಬಾಗ್ಲೇನು ನಿಮ್ಮಪ್ಪ ಮಾಡ್ಸಿದ್ದಾ?" ಎಂದು ಗದರುತ್ತಿದ್ದ. ಗದ್ದೆ ಬದುವಿನಿಂದ ಓಡೋಡಿ ಬರುವ ಮುದುಕಿ ಕಂಡರೆ ಸ್ಟಾಪಿಲ್ಲದ ಕಡೆಯೂ ಬ್ರೇಕು ಒತ್ತಿ, ಆಕೆ ಹತ್ತಿದ ಮೇಲೆ, "ಒಸಿ ಮುಂಚೆ ಮನೆ ಬುಡಕ್ಕೆ ಏನಾಗಿತ್ತು ನಿಂಗೆ?" ಎಂದು ಬೈಯುತ್ತಿದ್ದ. ಬೈಸಿಕೊಂಡವರು ನಕ್ಕು ಸೀಟು ಹುಡುಕಿಕೊಳ್ಳುತ್ತಿದ್ದರು. ಐವತ್ತು ದಾಟಿದ ಗಟ್ಟಿ ಆಳು. ಜ್ವರ ಬಂದರೂ ಒಂದು ಮಾತ್ರೆ ನುಂಗಿ ಸ್ಟೀರಿಂಗ್ ಹಿಡಿಯುತ್ತಿದ್ದವನು.

ಆ ದಿನ ಬೆಳಗ್ಗೆ ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿಗೆ ಹೋಗುವವರೆಲ್ಲ ಇಳಿದರು. ಕಂಡಕ್ಟರ್ ಅಶೋಕ್ ಸೀಟಿ ಊದಿದ. ಬಸ್ಸು ಕದಲಲಿಲ್ಲ. ಮತ್ತೆ ಊದಿದ. ಆಗಲೂ ಕದಲದಿದ್ದಾಗ ಮುಂದೆ ಬಂದು ನೋಡಿದ. ಸಿದ್ದರಾಜು ಗೇರ್ ಹಾಕಲು ಹೆಣಗುತ್ತಿದ್ದ. ಎಡಗೈ ಗೇರಿನ ಗುಂಡಿನ ಮೇಲಿಂದ ಜಾರಿ ತೊಡೆಯ ಮೇಲೆ ಬೀಳುತ್ತಿತ್ತು. ಬೇರೆ ಯಾರದೋ ಕೈಯನ್ನು ತಂದು ತನ್ನ ತೊಡೆಯ ಮೇಲೆ ಇಟ್ಟಂತೆ ಅವನಿಗೆ ಅನ್ನಿಸಿತು. ಏನೋ ಕೆಟ್ಟಿದೆ ಎಂದು ಅಷ್ಟರಲ್ಲೇ ಅರ್ಥವಾಗಿ, ಬಲಗೈಯಲ್ಲಿ ಕೀ ತಿರುಗಿಸಿ ಇಂಜಿನ್ ಆರಿಸಿದ.

"ಅಸೋಕ, ಎಲ್ರುನೂ ಇಳ್ಸು," ಎಂದ. ಮಾತು ತೊದಲಿತು. ತುಟಿ ಒಂದು ಕಡೆಗೆ ಎಳೆದುಕೊಂಡಿತ್ತು.

ಅಶೋಕ್ ಹಿಂದುಮುಂದು ನೋಡಲಿಲ್ಲ. ಎದುರಿಗೆ ಸಿಕ್ಕ ಆಟೋ ನಿಲ್ಲಿಸಿ, ಇಬ್ಬರು ಪ್ರಯಾಣಿಕರ ಕೈಲಿ ಹಿಡಿಸಿ, ಸಿದ್ದರಾಜುವನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದ. ಲಕ್ವ ಎಂದರು ಡಾಕ್ಟರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಬೇಗ ಕರೆತಂದದ್ದು ಒಳ್ಳೆಯದಾಯಿತು, ಕರಗಿಸುವ ಇಂಜೆಕ್ಷನ್ ಕೊಡುತ್ತೇವೆ ಎಂದರು. ಹೆಂಡತಿ ಹೊಂಬಾಳಮ್ಮ ಮಳವಳ್ಳಿಯ ಸ್ಕೂಲಿನಲ್ಲಿ ಬಿಸಿಯೂಟದ ಅಡಿಗೆ ಮಾಡುವವಳು. ಸಾರಿನ ಒಗ್ಗರಣೆ ಹಾಕುತ್ತಿದ್ದವಳಿಗೆ ಫೋನು ಬಂತು. ಸೌಟು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮಂಡ್ಯದ ಬಸ್ಸು ಹತ್ತಿದಳು.

ಸಿದ್ದರಾಜು ಬದುಕಿಕೊಂಡ. ವಾರ ಕಳೆಯುವಷ್ಟರಲ್ಲಿ ಬಾಯಿ ನೆಟ್ಟಗಾಯಿತು. ಎಡಗಾಲು ಕೊಂಚ ಎಳೆಯುತ್ತಿದ್ದರೂ ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವಷ್ಟಾಯಿತು. ಕೈ ಮಾತ್ರ ಹಾಗೇ ಉಳಿಯಿತು. ಎದೆಮಟ್ಟಕ್ಕೆ ಎತ್ತಬಲ್ಲ, ಬೆರಳು ಅರ್ಧ ಮಡಿಸಬಲ್ಲ, ಆದರೆ ಬಿಸಿ ತಣ್ಣಗೆ ಯಾವುದೂ ಗೊತ್ತಾಗುವುದಿಲ್ಲ. ಕಾಫಿ ಲೋಟ ಹಿಡಿಸಿದರೆ ಅದು ಯಾವಾಗ ಬಿತ್ತೆಂಬುದು ನೆಲದ ಸದ್ದಿನಿಂದ ತಿಳಿಯಬೇಕು.

ಫಿಸಿಯೋಥೆರಪಿಯ ಹುಡುಗಿ ಅರ್ಪಿತ ವಾರಕ್ಕೊಮ್ಮೆ ಮನೆಗೆ ಬಂದು ಕೈಗೆ ಕೆಲಸ ಹೇಳಿಕೊಟ್ಟು ಹೋಗುತ್ತಿದ್ದಳು. ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿದಳು. ತಟ್ಟೆಯಲ್ಲಿ ಹುರುಳಿಕಾಳು ಹರಡಿ ಹೆಕ್ಕಲು ಹೇಳಿದಳು. "ಕೈ ನಿಮ್ಮದೇ ಅಂತ ಮೆದುಳಿಗೆ ಮತ್ತೆ ಮತ್ತೆ ನೆನಪು ಮಾಡ್ತಿರ್ಬೇಕು ಅಂಕಲ್. ಸುಮ್ನೆ ಬಿಟ್ರೆ ಮರ್ತೇಬಿಡುತ್ತೆ," ಎಂದಳು.

ಮೊದಮೊದಲು ಹಿಸುಕಿದ. ಆಮೇಲೆ ಬೇಜಾರು ಬಂತು. ಬಸ್ಸು ಓಡಿಸಿದ ಕೈಗೆ ಕೂಸಿನ ಚೆಂಡು! ಒಂದು ದಿನ ಸಿಟ್ಟು ನೆತ್ತಿಗೇರಿ ಅದನ್ನು ಬಲಗೈಯಲ್ಲಿ ಬೀಸಿ ಎಸೆದ. ಚೆಂಡು ಕಿಟಕಿಯಿಂದ ಹಾರಿ ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿಗೆ ಬಿತ್ತು. ಹೊಂಬಾಳಮ್ಮ ಅದನ್ನು ತೊಳೆದು ತಂದು ಕೈಗಿಟ್ಟಳು.

"ನೀವು ಎಸೀರಿ, ನಾನು ತತ್ತೀನಿ. ನೋಡವ, ಯಾರ್ಗೆ ಮೊದ್ಲು ಸಾಕಾಯ್ತದೆ," ಎಂದಳು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಬ್ಯಾಗ ಉಸಾರಾಗಿ, ಮತ್ತೆ ಸೀಟಲ್ಲಿ ಕೂತ್ಕೊಬೇಕು ನೀವು." ಸಿದ್ದರಾಜು "ಹೂಂ" ಅನ್ನುತ್ತಿದ್ದ. ಆದರೆ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಗೋಡೆ ಹಿಡಿದು ಹೋಗಿ ಕಿಟಕಿ ಮುಚ್ಚುತ್ತಿದ್ದ. ಬಸ್ಸು ನಿಂತಿದ್ದಾಗ ಕೈ ಬಿತ್ತು. ಓಡುತ್ತಿದ್ದಾಗ ಬಿದ್ದಿದ್ದರೆ? ಹಿಂದೆ ಕೂತವರು, ನಿಂತವರು, ಬಾಗಿಲಿಗೆ ಜೋತುಬಿದ್ದವರು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬರುತ್ತಿದ್ದರು. ಇದನ್ನು ಅವನು ಯಾರ ಹತ್ತಿರವೂ ಆಡಲಿಲ್ಲ. ಆಡಿದರೆ ಹೆದರುಪುಕ್ಕಲ ಅಂದಾರೆಂದು ಸುಮ್ಮನಿದ್ದ.

ಹೊಂಬಾಳಮ್ಮ ಮತ್ತೆ ಸ್ಕೂಲಿನ ಅಡಿಗೆಗೆ ಹೋಗಲೇಬೇಕಾಗಿ ಬಂದಾಗ, ಬಂಡೂರಿನಿಂದ ಸಿದ್ದರಾಜುವಿನ ಅಕ್ಕ ಮರಿತಾಯಮ್ಮ ಬಂದಳು. ಗಂಡ ತೀರಿಕೊಂಡ ಮೇಲೆ ಮಕ್ಕಳ ಕುರಿ, ಸೊಸೆಯರ ಜಗಳ ಎರಡನ್ನೂ ಒಂದೇ ಕೋಲಿನಲ್ಲಿ ಕಾಯುತ್ತಿದ್ದವಳು. ಆಟೋದಿಂದ ಇಳಿದಾಗ ಅವಳ ಒಂದು ಕೈಯಲ್ಲಿ ಹುಣಸೆಹಣ್ಣಿನ ಗಂಟು, ಇನ್ನೊಂದರಲ್ಲಿ ಅವಳಿಗಿಂತ ದೊಡ್ಡದಾದ ಹಳೆಬಟ್ಟೆಯ ಗಂಟು ಇತ್ತು.

"ಇದೇನಕ್ಕ, ಮನೆನೇ ಕಟ್ಕೊಂಡ್ ಬಂದಿದ್ದೀಯಾ?"

"ನಿನ್ ಮೊಕ ನೋಡ್ಕೊಂಡು ಸುಮ್ನೆ ಕೂರಕ್ಕಾಯ್ತದಾ? ಬೊಂತೆ ಒಲೀತೀನಿ. ಚಳಿ ಬಂತು."

ಬೊಂತೆಯೆಂದರೆ ಹಳೆ ಸೀರೆ, ಪಂಚೆ, ಲುಂಗಿಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿಯುವ ಹೊದಿಕೆ. ಉತ್ತರದ ಕಡೆಯವರು ಕೌದಿ ಅನ್ನುತ್ತಾರೆ. ಮರಿತಾಯಮ್ಮನ ಬೊಂತೆಯೆಂದರೆ ಬಂಡೂರಿನಲ್ಲಿ ಬಾಣಂತಿಯರು ಮೊದಲೇ ಹೇಳಿಟ್ಟುಕೊಳ್ಳುತ್ತಿದ್ದರು.

ಮಾರನೆಯ ಬೆಳಗ್ಗೆ ಹೊಂಬಾಳಮ್ಮ ಕೆಲಸಕ್ಕೆ ಹೋದ ಮೇಲೆ, ಮರಿತಾಯಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಗಂಟು ಬಿಚ್ಚಿದಳು. ಎಲ್ಲವೂ ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆ. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ಆಚೆಗೊಂದು ಈಚೆಗೊಂದು ಎಸೆಯತೊಡಗಿದಳು. ಸಿದ್ದರಾಜು ಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

"ಆ ನೀಲಿ ಸೀರೆ ಚೆನ್ನಾಗದಲ್ಲ, ಯಾಕೆ ಬಿಸಾಕ್ದೆ?"

"ಅದು ಪಾಲಿಸ್ಟರ್ ಕಣ್ಲಾ. ನೋಡಕ್ಕಷ್ಟೇ. ಬೆವರು ಕುಡಿಯಕಿಲ್ಲ, ಸೂಜಿ ನಿಲ್ಲಕಿಲ್ಲ, ಜಾರ್ಕೊಂಡೋಯ್ತದೆ. ಬೊಂತೆಗೆ ನೂಲಿನ ಬಟ್ಟೆನೇ ಆಗ್ಬೇಕು. ಉಟ್ಟು ಉಟ್ಟು ಮೆತ್ತಗಾಗಿರ್ಬೇಕು. ಬಾ ಇಲ್ಲಿ, ಈ ತುದಿ ಇಡ್ಕೊ, ಹರೀಬೇಕು."

"ಕತ್ರಿ ಇಲ್ವಾ?"

"ಕತ್ರಿ ಸೊಟ್ಟಗೋಯ್ತದೆ. ಹರುದ್ರೆ ನೂಲು ತಾನೇ ದಾರಿ ತೋರುಸ್ತದೆ. ಬಾ ಅಂದ್ರೆ."

ಸಿದ್ದರಾಜು ಮೆಲ್ಲಗೆ ನೆಲಕ್ಕಿಳಿದು ಬಲಗೈಯಲ್ಲಿ ತುದಿ ಹಿಡಿದ.

"ಆ ಕೈಯಲ್ಲ. ಈ ಕೈ."

"ಅಕ್ಕ, ಅದು ಇಡಿಯಕಿಲ್ಲ."

"ಬಲಗೈಲಿ ಅದುನ್ನ ಅಮುಕ್ಕೊ. ಎರಡೂ ಒಂದೇ ತಾಯಿ ಮಕ್ಳಲ್ವಾ, ಒಂದುಕ್ಕೊಂದು ಆಗದಿಲ್ವಾ?"

ಅವನು ಎಡಗೈ ಬೆರಳುಗಳ ನಡುವೆ ಸೀರೆಯ ಅಂಚು ಇಟ್ಟು ಮೇಲಿಂದ ಬಲಗೈ ಮುಚ್ಚಿದ. ಅಕ್ಕ ಎಳೆದಳು. ಪರ್‍ರ್ ಎಂದು ಸೀರೆ ಉದ್ದಕ್ಕೂ ನೇರವಾಗಿ ಸೀಳಿತು. ಆ ಸದ್ದು ಕೇಳಿ ಅವನಿಗೆ ಯಾಕೋ ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಮಧ್ಯಾಹ್ನದವರೆಗೆ ಇಬ್ಬರೂ ಹರಿದರು.

ಅದರ ಮಾರನೆಯ ದಿನ ಹಾಸುವ ಕೆಲಸ. ತಳಕ್ಕೆ ಒಂದು ಪೂರಾ ಸೀರೆ, ಸುಕ್ಕಿಲ್ಲದಂತೆ ಎಳೆದು ನಾಲ್ಕು ಮೂಲೆಗೂ ಗುಂಡುಕಲ್ಲು ಇಟ್ಟಳು. ಅದರ ಮೇಲೆ ತುಂಡುಗಳು. ಒಂದರ ಅಂಚು ಇನ್ನೊಂದರ ಮೇಲೆ ಕೊಂಚ ಹತ್ತಿಕೊಂಡಿರಬೇಕು, ಎಲ್ಲೂ ಕಿಂಡಿ ಬಿಡಬಾರದು, ಒಂದೇ ಕಡೆ ದಪ್ಪವೂ ಆಗಬಾರದು. ಮೇಲೆ ಇನ್ನೊಂದು ಸೀರೆ ಮುಚ್ಚಿ, ಪದರಗಳು ಸರಿಯದಂತೆ ದೊಡ್ಡ ದೊಡ್ಡ ಟಾಕು ಹಾಕಿದಳು. "ಇದು ಕೊನೆಗೆ ಬಿಚ್ಚಾಕೋ ಒಲಿಗೆ. ಹೊಸ್ದಾಗಿ ಕಲಿಯೋರು ಇದ್ನೇ ಬುಟ್ಬುಡ್ತಾರೆ. ಆಮೇಲೆ ಬೊಂತೆ ಹಾವಿನಂಗೆ ಸುತ್ಕೊತದೆ," ಎಂದಳು.

"ನಾನ್ಯಾಕೆ ಕಲೀಲಿ? ಇದು ಎಂಗುಸ್ರ ಕೆಲ್ಸ."

"ಎಮ್ಮೆ ಕಲಗಚ್ಗೆ ಚೆಂಡು ಎಸಿಯೋದು ಗಂಡುಸ್ರ ಕೆಲ್ಸವಾ?"

ಅಲ್ಲಿಗೆ ಆ ವಾದ ಮುಗಿಯಿತು.

ದಪ್ಪ ಸೂಜಿಗೆ ಜೋಡಿ ದಾರ ಪೋಣಿಸಿ, ಮೇಣಕ್ಕೆ ಉಜ್ಜಿ, ಗಂಟು ಹಾಕಿ ಅಕ್ಕ ಅವನ ಬಲಗೈಗೆ ಕೊಟ್ಟಳು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಮೇಲಿನ ಕೈ ಸೂಜಿ ಇಳಿಸುತ್ತದೆ. ಬಟ್ಟೆಯ ಅಡಿಯಲ್ಲಿರುವ ಎಡಗೈ ಅದರ ಮೊನೆ ಬಂತಾ ಎಂದು ನೋಡಿ ಮತ್ತೆ ಮೇಲಕ್ಕೆ ಕಳಿಸುತ್ತದೆ. ಹೊಲಿಗೆಯೊಂದು ಅಕ್ಕಿಕಾಳಿನಷ್ಟಿದ್ದರೆ ಸಾಕು.

"ಅಡಿಗಿರೋ ಕೈಯೇ ಯಜಮಾನ," ಎಂದಳು ಅಕ್ಕ. "ಮೇಲ್ಗಡೆದು ಬರೀ ಆಳು."

ಸಿದ್ದರಾಜು ಎಡಗೈಯನ್ನು ಬಟ್ಟೆಯ ಅಡಿಗೆ ತೂರಿಸಿದ. ಮೊದಲ ಹೊಲಿಗೆ ಅಕ್ಕಿಕಾಳಲ್ಲ, ಅವರೆಕಾಯಿಯಷ್ಟಾಯಿತು. ಎರಡನೆಯದು ದಾರಿ ತಪ್ಪಿತು. ಸಾಲು ಏಡಿ ನಡೆದಂತೆ ಅಡ್ಡಡ್ಡ ಹೋಯಿತು. ಬೆವರು ಬಂತು. ಆದರೂ ಸೂಜಿ ಇಳಿಸಿದಾಗ ಅಡಿಯ ಬೆರಳು ಎಲ್ಲಿದೆ ಎಂದು ಯೋಚಿಸಲೇಬೇಕಾಗಿ ಬರುತ್ತಿತ್ತು. ಚೆಂಡು ಹಿಸುಕುವಾಗ ಹಾಗೆ ಯೋಚಿಸಿರಲಿಲ್ಲ.

ಮೂರ್ನಾಲ್ಕು ದಿನದ ಮೇಲೆ ಅಕ್ಕ ಒಲೆಯ ಮುಂದಿನಿಂದ ಎದ್ದುಬಂದವಳು ಬೊಂತೆಯ ಅಂಚು ನೋಡಿ ನಿಂತುಬಿಟ್ಟಳು. ತಳದ ಬಿಳಿ ಸೀರೆಯ ಮೇಲೆ ಕೆಂಪು ಚುಕ್ಕೆಗಳು, ಒಂದರ ಪಕ್ಕ ಒಂದು. ಬಟ್ಟೆ ಮಡಿಸಿ ತಮ್ಮನ ಎಡಗೈ ಆಚೆಗೆಳೆದಳು. ತೋರುಬೆರಳು, ನಡುಬೆರಳು ಎರಡೂ ಚುಚ್ಚಿಸಿಕೊಂಡು ರಕ್ತವಾಗಿದ್ದವು.

"ಅಯ್ಯೋ, ಗೊತ್ತಾಗ್ನಿಲ್ವಾ ನಿಂಗೆ?"

ಸಿದ್ದರಾಜು ತನ್ನ ಬೆರಳನ್ನೇ ನೋಡಿದ. ಗೊತ್ತಾಗಿರಲಿಲ್ಲ. ಅಷ್ಟು ಹೊತ್ತೂ ಹೊಲಿಗೆ ಸರಿಯಾಗುತ್ತಿದೆ ಎಂದೇ ಖುಷಿಯಲ್ಲಿದ್ದ. ಮುಖ ಕಪ್ಪಿಟ್ಟಿತು. ಸೂಜಿ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಹೋಗಿ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ. ಅಕ್ಕ ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ.

ಆ ವಾರ ಬಂದ ಅರ್ಪಿತಳಿಗೆ ಮರಿತಾಯಮ್ಮ ತಾನೇ ಎಲ್ಲ ಹೇಳಿದಳು. ಅರ್ಪಿತ ಬೆರಳು ನೋಡಿ ಗದರಿದಳು. "ಮುಟ್ಟಿದ್ದು ಗೊತ್ತಾಗದ ಬೆರಳು ಅಮ್ಮ ಇದು. ಕೀವಾದ್ರೂ ಗೊತ್ತಾಗಲ್ಲ ಇವರಿಗೆ. ಸಕ್ಕರೆ ಕಾಯಿಲೆ ಬೇರೆ ಇದ್ದಿದ್ರೆ ಏನ್ ಗತಿ?" ಮರಿತಾಯಮ್ಮ ತಲೆ ತಗ್ಗಿಸಿದಳು. ತಪ್ಪು ತನ್ನದೇ ಎಂದಳು. ಆಮೇಲೆ ಅರ್ಪಿತ ಬೊಂತೆಯ ಅಂಚು ತಿರುಗಿಸಿ ನೋಡಿ, ಸಿದ್ದರಾಜುವಿನ ಕೈಯನ್ನು ಮುಚ್ಚಿಸಿ ಬಿಚ್ಚಿಸಿ ನೋಡಿದಳು. ಹೋದ ವಾರ ಮಡಚಿಕೊಳ್ಳದಿದ್ದ ಕಿರುಬೆರಳು ಈಗ ಮಡಚಿಕೊಂಡಿತು.

"ಹೊಲಿಗೆ ನಿಲ್ಲಿಸ್ಬೇಡಿ," ಎಂದಳು. "ಆದ್ರೆ ಹೀಗಲ್ಲ. ಬೆರಳಿಗೆ ಟೈಲರುಗಳು ಹಾಕ್ಕೋತಾರಲ್ಲ, ಆ ತಗಡಿನ ಟೋಪಿ ಹಾಕ್ಕೊಳ್ಳಿ. ಒಂದು ಸಾಲು ಮುಗಿದ ತಕ್ಷಣ ಕೈ ಹೊರಗೆ ತೆಗೆದು ಕಣ್ಣಲ್ಲಿ ನೋಡಿ. ಬೆರಳಿಗೆ ಗೊತ್ತಾಗೋವರೆಗೂ ಕಣ್ಣೇ ಕಾವಲು."

ಹೊಂಬಾಳಮ್ಮ ಆ ಸಂಜೆಯೇ ಪೇಟೆಯಿಂದ ಎರಡು ಟೋಪಿ ತಂದಳು. ಅವು ಅವನ ದಪ್ಪ ಬೆರಳಿಗೆ ಹಿಡಿಸದಿದ್ದಾಗ, ಮತ್ತೆ ಅಂಗಡಿಗೆ ಹೋಗಿ ದೊಡ್ಡವು ಬದಲಾಯಿಸಿಕೊಂಡು ಬಂದಳು.

ಮತ್ತೆ ಹೊಲಿಗೆ ನಡೆಯಿತು. ಬೆಳಗ್ಗೆ ಒಂದಷ್ಟು, ಊಟವಾಗಿ ಒರಗಿ ಎದ್ದ ಮೇಲೆ ಒಂದಷ್ಟು. ಅಕ್ಕ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ. ಚಿಕ್ಕಂದಿನಲ್ಲಿ ಒಂದೇ ಬೊಂತೆಯಡಿ ಮಲಗಿ ಕಾಲಿನಲ್ಲಿ ಒದೆದಾಡಿದ್ದು, ಅವ್ವನ ಏಟು ತಿಂದದ್ದು ಎಲ್ಲ ಮಾತಿಗೆ ಬಂತು. ಹೀಗೆ ಮಾತಾಡುತ್ತಿರುವಾಗಲೇ ಒಂದು ಮಧ್ಯಾಹ್ನ ಸಿದ್ದರಾಜು ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದ:

"ಅಕ್ಕ, ಬಸ್ಸು ನಿಂತಿತ್ತು, ಬಚಾವಾಯ್ತು. ಓಡ್ತಿದ್ದಾಗ ಈ ಕೈ ಬಿದ್ದೋಗಿದ್ರೆ ಏನಾಗ್ತಿತ್ತು ಅಂತ..."

ಮರಿತಾಯಮ್ಮ ಒಂದು ಸಾಲು ಹೊಲಿದು ಮುಗಿಸಿ ಹಲ್ಲಿನಲ್ಲಿ ದಾರ ಕಡಿದಳು.

"ಆಗ್ನಿಲ್ವಲ್ಲಪ್ಪಯ್ಯ. ಯಾರ್ಗೂ ಏನೂ ಆಗ್ನಿಲ್ಲ. ಎಲ್ರೂ ಅವರವ್ರ ಮನೆಗೋಗಿ ಉಂಡವ್ರೆ. ನಿಂಗೊಬ್ನಿಗೇ ಇನ್ನೂ ಆ ಬಸ್ಸಿಂದ ಇಳಿಯಕ್ಕಾಗಿಲ್ಲ."

ಅವನು ಕಣ್ಣೊರೆಸಿಕೊಂಡ. ಅಕ್ಕ ನೋಡಿಯೂ ನೋಡದವಳಂತೆ ಇನ್ನೊಂದು ಸೂಜಿಗೆ ದಾರ ಪೋಣಿಸಿದಳು. ಆವತ್ತು ಅವನು ಎರಡು ಮುದ್ದೆ ಉಂಡ.

ಹೊಲಿಗೆ ನಡುವಿಗೆ ಹತ್ತಿರವಾಗುತ್ತಿದ್ದಂತೆ ಒಂದು ಕಡೆ ಬಟ್ಟೆ ತೆಳ್ಳಗಿದೆ ಅನ್ನಿಸಿತು. ಗಟ್ಟಿ ಬಟ್ಟೆಯ ತುಂಡೊಂದು ಬೇಕಾಗಿತ್ತು. ಗಂಟು ಖಾಲಿಯಾಗಿತ್ತು. ಮರಿತಾಯಮ್ಮ ಸುತ್ತ ನೋಡಿದಳು. ಸಿದ್ದರಾಜು ಎದ್ದು ಬೀರು ತೆಗೆದು, ಇಸ್ತ್ರಿ ಮಾಡಿಟ್ಟಿದ್ದ ತನ್ನ ಖಾಕಿ ಅಂಗಿ ತಂದು ಅವಳ ಮುಂದೆ ಹಾಕಿದ.

"ಇದುನ್ನಾ?"

"ಗಟ್ಟಿಯಾಗದೆ. ಹರಿ."

ಅಕ್ಕ ಅವನ ಮುಖ ನೋಡಿದಳು. ಇಬ್ಬರೂ ಹಿಡಿದು ಹರಿದರು. ಈ ಸಲ ಎಡಗೈ ಮೇಲೆ ಬಲಗೈ ಮುಚ್ಚಬೇಕಾಗಲಿಲ್ಲ. ಹರಿದು ಆದ ಮೇಲಷ್ಟೇ ಅದು ಇಬ್ಬರ ಗಮನಕ್ಕೂ ಬಂತು.

ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಇರಬೇಕು, ಮರಿತಾಯಮ್ಮ ಹಿತ್ತಲಲ್ಲಿ ಸೊಪ್ಪು ಸೋಸುತ್ತಿದ್ದಳು. ಸಿದ್ದರಾಜು ನೀರು ಕುಡಿದು ಬಂದು, ತಗಡಿನ ಟೋಪಿ ಹಾಕಿಕೊಳ್ಳುವುದನ್ನು ಮರೆತು ಕೂತ. ತೆಳ್ಳಗಿದ್ದ ಕಡೆ ತೇಪೆ ಇಟ್ಟಿದ್ದ ಖಾಕಿ ದಪ್ಪ. ಸೂಜಿಯನ್ನು ಜೋರಾಗಿ ಒತ್ತಿದ.

"ಅಮ್ಮಾ!"

ಆ ಕೂಗು ಬೀದಿಗೆ ಕೇಳಿಸಿತು. ಮರಿತಾಯಮ್ಮ ಸೊಪ್ಪಿನ ಮೊರ ಚೆಲ್ಲಿ ಓಡಿಬಂದಳು. ಮತ್ತೆ ಲಕ್ವ ಹೊಡೆಯಿತೆಂದೇ ಅವಳ ಎದೆ ಹಾರಿತ್ತು. ನೋಡಿದರೆ ಸಿದ್ದರಾಜು ಎಡಗೈಯ ತೋರುಬೆರಳನ್ನು ಮುಖದ ಮುಂದೆ ಹಿಡಿದುಕೊಂಡು ಕೂತಿದ್ದಾನೆ. ತುದಿಯಲ್ಲಿ ಒಂದು ಹನಿ ರಕ್ತ.

"ಏನಾಯ್ತ್ಲಾ?"

"ನೋಯ್ತದೆ ಕಣಕ್ಕ! ಉರೀತದೆ!"

"ಎಲ್ಲಿ?"

"ಇಲ್ಲೇ, ಬೆರಳ ತುದೀಲಿ! ಚುರ್ ಅಂತು! ಇರು..." ಎಂದು ಸೂಜಿಯ ಮೊನೆಯಿಂದ ಇನ್ನೊಂದು ಬೆರಳನ್ನೂ ಮೆಲ್ಲಗೆ ಮುಟ್ಟಿ ನೋಡಿಕೊಂಡ. "ಇದೂ ಗೊತ್ತಾಯ್ತದೆ. ಒಸಿ ಮಂಕಾಗದೆ, ಆದ್ರೂ ಗೊತ್ತಾಯ್ತದೆ!"

ಮರಿತಾಯಮ್ಮ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಅಷ್ಟು ದಿನ ಬೈದು ಗದರಿ ಗಟ್ಟಿಯಾಗಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ಗಳಗಳ ಅತ್ತಳು. ಪಕ್ಕದ ಮನೆಯವರು ಏನೋ ಆಗಬಾರದ್ದು ಆಯಿತೆಂದು ಬಾಗಿಲಿಗೆ ಬಂದರು. ಸಿದ್ದರಾಜು ಅವರಿಗೆಲ್ಲ ಬೆರಳು ತೋರಿಸಿ, "ಸೂಜಿ ಚುಚ್ಕೊಂಡೆ!" ಎಂದು ಮದುವೆ ಸುದ್ದಿ ಹೇಳುವವನಂತೆ ಹೇಳಿದ. ಅವರಿಗೆ ತಲೆಬುಡ ತಿಳಿಯಲಿಲ್ಲ. ಸಂಜೆ ಹೊಂಬಾಳಮ್ಮ ಬಂದಾಗ ಬಾಗಿಲಲ್ಲೇ ತಡೆದು, "ನನ್ ಬೆರಳು ಚಿವುಟು," ಎಂದ. ಅವಳು ಚಿವುಟಿದಳು. "ಅಯ್ಯೋ, ಮೆಲ್ಗೆ ಕಣಮ್ಮಿ!" ಎಂದ. ಹೊಂಬಾಳಮ್ಮ ಅವನ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಬೊಂತೆ ಮುಗಿಯಲು ಇನ್ನೂ ಹದಿನೈದು ದಿನ ಹಿಡಿಯಿತು. ಟಾಕು ಬಿಚ್ಚಿ, ಸುತ್ತಲೂ ಕೆಂಪು ಪಟ್ಟಿ ಕೊಟ್ಟು ಅಂಚು ಮಡಿಸಿದರು. ಹಗ್ಗದ ಮೇಲೆ ಹರವಿದಾಗ ಬಂಡೂರಿನ ಬಾಣಂತಿಯರು ಮೆಚ್ಚುವ ಸಾಲು ಒಂದು ಕಡೆ, ಏಡಿ ನಡಿಗೆ ಇನ್ನೊಂದು ಕಡೆ. ಏಡಿಯ ಸಾಲುಗಳೂ ಒಳಕ್ಕೆ ಬರಬರುತ್ತಾ ಕಾಲು ಕೂಡಿಸಿಕೊಂಡಿದ್ದವು. ಅಕ್ಕ ಊರಿಗೆ ಹೊರಟಾಗ ಸಿದ್ದರಾಜು ಅದನ್ನು ಮಡಿಸಿ ಅವಳ ಗಂಟಿಗೆ ಸೇರಿಸಲು ಹೋದ.

"ಇಂತಾ ಸೊಟ್ಟ ಬೊಂತೆ ನಾನು ಒಲ್ದೆ ಅಂದ್ರೆ ಊರಲ್ಲಿ ಮಾನ ಓಯ್ತದೆ. ನೀನೇ ಹೊದ್ಕೊ," ಎಂದು ಬಿಟ್ಟುಹೋದಳು.

ಸಂಕ್ರಾಂತಿ ಕಳೆದ ಮೇಲೆ ಗಂಡ ಹೆಂಡತಿ ಮಂಡ್ಯದ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕೈ ಎತ್ತಿಸಿದರು, ತಳ್ಳಿಸಿದರು, ಕಣ್ಣು ಮುಚ್ಚಿಸಿ ಬೆರಳು ಮುಟ್ಟಿ ಯಾವುದೆಂದು ಕೇಳಿದರು. ಎಲ್ಲಕ್ಕೂ ಸರಿಯಾಗಿ ಹೇಳಿದ. ಡಾಕ್ಟರಿಗೂ ಸಂತೋಷವಾಯಿತು. ಆಮೇಲೆ ದನಿ ತಗ್ಗಿಸಿದರು.

"ಒಂದು ಮಾತು ಹೇಳ್ಬೇಕು ಸಿದ್ದರಾಜು. ಮನೆ ಕೆಲಸ, ಓಡಾಟ, ಯಾವುದಕ್ಕೂ ತೊಂದರೆ ಇಲ್ಲ. ಆದ್ರೆ ಬಸ್ಸು ಓಡಿಸೋದು ಬೇಡ. ಜನ ಕೂತಿರೋ ಗಾಡಿ. ನಾನು ಸರ್ಟಿಫಿಕೇಟ್ ಕೊಡಕ್ಕಾಗಲ್ಲ. ಇಷ್ಟು ವರ್ಷದ ಕೆಲಸ, ಬೇಜಾರಾಗುತ್ತೆ, ನಂಗೆ ಅರ್ಥವಾಗುತ್ತೆ."

ಸಿದ್ದರಾಜು ತಲೆ ತಗ್ಗಿಸಿ ಕೂತಿದ್ದ. "ಹೂಂ ಸಾರ್," ಎಂದ. ಡಾಕ್ಟರು ಎದ್ದು ಬಂದು ಬೆನ್ನು ತಟ್ಟಿದರು.

ಹೊರಗೆ ಬಂದು ಆಸ್ಪತ್ರೆಯೆದುರಿನ ಟೀ ಅಂಗಡಿಯಲ್ಲಿ ಕೂತರು. ಹೊಂಬಾಳಮ್ಮ ಮಾತಾಡಲು ಹೆದರಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಮೆಲ್ಲಗೆ, "ಓನರ್ ಸಿವರಾಮಣ್ಣ ನಿನ್ನೆನೇ ಫೋನ್ ಮಾಡಿದ್ರು. ಓಡ್ಸಕ್ಕಾಗ್ದೇ ಇದ್ರೆ ಸ್ಟ್ಯಾಂಡಲ್ಲಿ ನಿಂತ್ಕೊಂಡು ಟೈಮ್ ನೋಡಿ ಬಸ್ಸು ಬುಡ್ಸೋ ಕೆಲ್ಸ ಅದೆ, ಬರ್ಲಿ ಅಂದ್ರು. ಮನಸ್ಗೆ ಅಚ್ಕೊಬ್ಯಾಡಿ," ಎಂದಳು.

ಸಿದ್ದರಾಜು ಎಡಗೈಯಲ್ಲಿ ಟೀ ಲೋಟ ಹಿಡಿದಿದ್ದ. ಬಿಸಿ ತಾಗಿ ಬಲಗೈಗೆ ಬದಲಾಯಿಸಿದ.

"ಒಂದ್ ಮಾತು ಯೋಳ್ತೀನಿ, ಬೈಬ್ಯಾಡ."

"ಯೋಳಿ."

"ಡಾಕ್ಟ್ರು ಬ್ಯಾಡ ಅಂದ್ರಲ್ಲ, ಆಗ ನನ್ ಮೈಮೇಲಿಂದ ಒಂದು ಮೂಟೆ ಇಳ್ದಂಗಾಯ್ತು ಕಣಮ್ಮಿ. ನಗು ಬಂದ್ಬುಟ್ಟಾತು ಅಂತ ತಲೆ ಬಗ್ಸ್ಕೊಂಡು ಕೂತಿದ್ದೆ. ಆ ಸೀಟಲ್ಲಿ ಕೂರಕ್ಕೆ ನಂಗೆ ಭಯ ಆಯ್ತಿತ್ತು. ಎಲ್ರೂ ಬ್ಯಾಗ ಬಾ, ಬ್ಯಾಗ ಬಾ ಅಂತಿದ್ರು. ಯಾರ್ಗೆ ಯೋಳ್ಲಿ?"

ಹೊಂಬಾಳಮ್ಮ ಲೋಟ ಬೆಂಚಿನ ಮೇಲಿಟ್ಟಳು. ಅವಳ ಕಣ್ಣಲ್ಲಿ ನೀರು, ಮುಖದಲ್ಲಿ ನಗು ಎರಡೂ ಒಟ್ಟಿಗೆ ಬಂದವು.

"ನಂಗೂ ಅಷ್ಟೇ. ಡಾಕ್ಟ್ರು ಓಡ್ಸಿ ಅಂದ್ಬುಟ್ರೆ ಏನಪ್ಪಾ ಮಾಡೋದು ಅಂತ ಬೆಳಗ್ಗಿಂದ ದೇವ್ರಿಗೆ ಹರಕೆ ಮೇಲೆ ಹರಕೆ ಹೊತ್ಕೊಂಡಿವ್ನಿ. ನಿಮ್ಗೆ ಬೇಜಾರಾದಾತು ಅಂತ ಬಾಯ್ ಬುಡ್ನಿಲ್ಲ."

"ಮೊದ್ಲೇ ಯೋಳ್ಬಾರ್ದಾಗಿತ್ತಾ?"

"ನೀವ್ ಯೋಳಿದ್ರಾ?"

ಇಬ್ಬರೂ ಜೋರಾಗಿ ನಕ್ಕರು. ಟೀ ಅಂಗಡಿಯವನು ತಿರುಗಿ ನೋಡಿದ.

ವಾಪಸ್ಸು ಹೊರಟ ಬಸ್ಸು ಅಶೋಕನದೇ ಆಗಿತ್ತು. ಡ್ರೈವರ್ ಸೀಟಿನಲ್ಲಿ ಹೊಸಬನಿದ್ದ. ಅಶೋಕ್ ಇವರನ್ನು ಮುಂದಿನ ಸೀಟಿಗೆ ಕರೆದ. ಸಿದ್ದರಾಜು ಬೇಡವೆಂದು, ನಡುವಿನಲ್ಲಿ ಕಿಟಕಿ ಪಕ್ಕ ಕೂತ. ಬಸ್ಸು ಮಂಡ್ಯ ಬಿಟ್ಟಿತು. ಕಬ್ಬಿನ ಗದ್ದೆಯ ಮೇಲಿಂದ ತಂಪು ಗಾಳಿ ಬೀಸಿತು. ಇಷ್ಟು ವರ್ಷ ಓಡಾಡಿದ ದಾರಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಲು ಅವನಿಗೆ ಬಿಡುವಾಗಿರಲಿಲ್ಲ. ಹನಕೆರೆಯವರೆಗೆ ಕಣ್ಣರಳಿಸಿ ನೋಡಿದ. ಆಮೇಲೆ ರೆಪ್ಪೆ ಎಳೆಯತೊಡಗಿತು. ಗೆಜ್ಜಲಗೆರೆ ಬರುವಷ್ಟರಲ್ಲಿ ತಲೆ ಹೆಂಡತಿಯ ಹೆಗಲಿಗೆ ಬಿದ್ದು ಸಣ್ಣಗೆ ಗೊರಕೆ ಶುರುವಾಗಿತ್ತು.

ಮದ್ದೂರಿನಲ್ಲಿ ಅಶೋಕ್ ಮಾತಾಡಿಸಲು ಬಂದ. ಬಸ್ಸಿನಲ್ಲಿ ತೂಕಡಿಸಿದವರನ್ನು ಕಂಡರಾಗದ ಮನುಷ್ಯ ನಿದ್ದೆ ಹೊಡೆಯುತ್ತಿರುವುದು ನೋಡಿ ಅವನಿಗೆ ಆಶ್ಚರ್ಯ.

"ಎಬ್ಬುಸ್ಲಾ ಅಕ್ಕ?"

"ಬುಡಪ್ಪ, ಮಲಿಕ್ಕೊಳ್ಳಿ," ಎಂದಳು ಹೊಂಬಾಳಮ್ಮ. "ಮಳವಳ್ಳಿ ಇನ್ನೂ ದೂರ ಅದೆ."